ಗುಡ್ಡಕ್ಕೆ ಹೋಗಿ ಬಂದ ಗೆರೆ

ವೆಂಕಟಪ್ಪನ ತಿಥಿಕಾರ್ಯ ಮುಗಿದು, ನೆಂಟರು ಪಾತ್ರೆ ತೊಳೆದಿಟ್ಟು ಬಸ್ಸು ಹತ್ತಿದ ಮರುದಿನವೇ ಮಗ ರವಿತೇಜ ಅಳತೆ ಟೇಪು ತಂದು ಪಡಸಾಲೆಯ ನೆಲ ಅಳೆಯತೊಡಗಿದ. ಅವನ ಅವ್ವ ತಿಪ್ಪಕ್ಕ ಗೋಡೆಗೊರಗಿ ಕಾಲು ಚಾಚಿ ಕೂತು ನೋಡುತ್ತಿದ್ದಳು. ಟೇಪು ಮಗ್ಗದ ಗುಣಿಯವರೆಗೆ ಬಂದು, ಅಂಚು ದಾಟಿ, ಒಳಗೆ ಜಾರಿತು.

“ಏನ್ ಅಳೀತಿದೀಯೋ?”

“ಟೈಲ್ಸ್‌ಗೆ.”

“ಗುಣಿಗೂ ಟೈಲ್ಸ್ ಹಾಕ್ತೀಯಾ?”

“ಗುಣಿ ಮುಚ್ಚಿ ಹಾಕ್ತೀನವ್ವ.”

ಮಾತಿಗೆ ಬೆಲ್ಲ ಸವರುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮೊಳಕಾಲ್ಮೂರಿನ ಆ ಓಣಿಯಲ್ಲಿ ಮುಕ್ಕಾಲು ಮನೆಗಳ ಗುಣಿ ಹೀಗೇ ಮುಚ್ಚಿಹೋಗಿತ್ತು. ಮಣ್ಣು ತುಂಬಿ, ಜಲ್ಲಿ ಬಡಿದು, ಮೇಲೆ ಮಿರಮಿರನೆ ಟೈಲ್ಸ್ ಕೂರಿಸಿದರೆ, ಇಲ್ಲೊಂದು ಮಗ್ಗವಿತ್ತು, ಅದರ ಗುಣಿಯೊಳಗೆ ಕಾಲು ಇಳಿಬಿಟ್ಟು ಒಬ್ಬ ಮನುಷ್ಯ ಆಯುಷ್ಯ ಸವೆಸಿದ ಎಂದು ಹೇಳಲು ಒಂದು ಕಲೆಯೂ ಉಳಿಯುವುದಿಲ್ಲ.

“ನಿನ್ ಮೊಣಕಾಲು ನೋಡ್ಕೋ,” ಎಂದ ರವಿತೇಜ. “ಈ ಗುಣೀನೇ ತಿಂದಿದ್ದು. ಅಪ್ಪಂಗೇನು, ಬೇಜಾರಾದ್ರೆ ಟವೆಲ್ ಕೊಡವಿ ಗುಡ್ಡ ಹತ್ತಿದ. ನೀನ್ ಯಾವ್ ಗುಡ್ಡ ಹತ್ತಿದೆ?”

ಸೊಸೆ ಪದ್ಮಶ್ರೀ ಅಡುಗೆಮನೆಯಿಂದಲೇ, “ಟೈಲ್ಸ್ ಆದ್ರೆ ಒರ್ಸೋದೂ ಸಲೀಸು ಅತ್ತೆ,” ಎಂದಳು. ಅವಳು ಚಳ್ಳಕೆರೆ ಕಡೆಯ ಶೇಂಗಾ ಬೆಳೆಯುವವರ ಮನೆಯ ಹುಡುಗಿ. ಮಗ್ಗದ ಗುಣಿ ಎಂದರೆ ಅವಳ ಪಾಲಿಗೆ ಸೊಳ್ಳೆ ಕೂರುವ ಹಳ್ಳ.

ತಿಪ್ಪಕ್ಕ ಮೊಣಕಾಲು ನೀವಿಕೊಂಡಳು. ಮೊಣಕಾಲಿನ ಮಾತು ಸುಳ್ಳಲ್ಲವಲ್ಲ. ಆದರೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯೊಂದು ಹಾಗೇ ನಿಂತಿತ್ತು. ಮೈ ಕೆಂಡಗೆಂಪು, ಅಂಚು ಕಪ್ಪು. ವೆಂಕಟಪ್ಪ ಎದ್ದು ಹೋದಾಗ ಹೇಗಿತ್ತೋ ಹಾಗೆ, ಲಾಳಿ ಕೂಡ ಎಳೆಗಳ ಮೇಲೇ ಮಲಗಿತ್ತು.

ರೇಷ್ಮೆ, ಜರಿ ಎಲ್ಲ ಸಾವ್ಕಾರ ರಾಜಣ್ಣನದು. ಅವನು ಕೊಟ್ಟಿದ್ದನ್ನು ನೇಯ್ದು ಕೊಟ್ಟು ಕೂಲಿ ಪಡೆಯುವ ಮನೆ ಅದು. ಸಂಜೆ ಅವನೇ ಬಂದ. ಗೋಡೆಯ ಮೇಲಿನ ಫೋಟೋಗೆ ಕೈ ಮುಗಿದು, ಮಗ್ಗದ ಹತ್ತಿರ ಕುಕ್ಕರಗಾಲಲ್ಲಿ ಕೂತ.

“ಕತ್ತರಿಸಿ ಕೊಟ್ಬಿಡು ತಿಪ್ಪಕ್ಕ. ಬ್ಲೌಸ್ ಪೀಸಿಗಾದ್ರೂ ಆಗ್ತೈತೆ.”

“ನಾನು ಮುಗಿಸಿ ಕೊಡ್ತೀನಿ.”

“ನೀನು ಪಕ್ಕದಾಗ್ ಕೂತೋಳು.”

“ಹೂಂ. ಈಗ ನಡುವೆ ಜಾಗ ಖಾಲಿ ಐತಲ್ಲ.”

ರಾಜಣ್ಣ ನಕ್ಕ. “ಕೈ ಬದ್ಲಾದ್ರೆ ಗೆರೆ ಬೀಳ್ತೈತೆ. ನನ್ ಹೆಬ್ಬೆಟ್ಟಿಗೆ ಸಿಕ್ಕೇ ಸಿಗ್ತೈತೆ. ಆಮೇಲೆ ಸೆಕೆಂಡ್ಸ್ ಮಾಲು ಅಂದ್ರೆ ಬೇಜಾರು ಮಾಡ್ಕೋಬಾರ್ದು.”

ಆ ಹೆಬ್ಬೆರಳಿಗೆ ಊರೆಲ್ಲ ಹೆದರುತ್ತಿತ್ತು. ರಾಜಣ್ಣ ಕಣ್ಣು ಮುಚ್ಚಿ ಸೀರೆಯ ಉದ್ದಕ್ಕೂ ಅದನ್ನು ಎಳೆದುಕೊಂಡು ಹೋಗುತ್ತಿದ್ದ. ಮಗ್ಗ ಸುಮ್ಮನೆ ನಿಂತರೆ ಬಿಗಿದ ಎಳೆಗಳು ಸಡಿಲವಾಗುತ್ತವೆ. ಮತ್ತೆ ಬಿಗಿ ಮಾಡಿ ನೇಯ್ದರೆ ಹೊಸದಾಗಿ ಬಡಿದ ಎಳೆ ಹಳೆಯದರ ಪಕ್ಕ ಸರಿಯಾಗಿ ಕೂರುವುದಿಲ್ಲ. ಅಲ್ಲೊಂದು ಗೆರೆ ಏಳುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಕೈಯೇ ಬದಲಾದರೆ ಕೇಳುವುದೇ ಬೇಡ.

ರವಿತೇಜ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. “ಹಂಗೇ ಆಗ್ಲಿ,” ಎಂದ. “ಸಾವ್ಕಾರ್ರ ಹೆಬ್ಬೆಟ್ಟಿಗೆ ಗೆರೆ ಸಿಗ್ಲಿಲ್ಲ ಅಂದ್ರೆ ಮಗ್ಗ ಇರ್ಲಿ, ಇನ್ನೊಂದು ಸೀರೆಗೆ ಹಾಸು ಅವ್ರೇ ಕೊಡ್ತಾರೆ. ಸಿಕ್ತು ಅಂದ್ರೆ ಮಾರನೇ ದಿನ ಮಣ್ಣು ತರಿಸ್ತೀನಿ. ಆಮೇಲೆ ನೀನು ಅಳಬಾರ್ದು.”

“ನಾನ್ ಯಾವಾಗ ಅತ್ತಿದೀನಿ?” ಎಂದಳು ತಿಪ್ಪಕ್ಕ.

ಅದೂ ನಿಜವೇ. ಗಂಡ ಸತ್ತಾಗ ಕೂಡ ಅವಳು ಮೊದಲು ಮಾಡಿದ್ದು ಗೊಣಗಿದ್ದು.

ವೆಂಕಟಪ್ಪ ಎಂಥ ಆಸಾಮಿ ಎಂದು ಗೊತ್ತಿದ್ದರೆ ಮಾತ್ರ ಆ ಗೊಣಗಾಟ ಅರ್ಥವಾದೀತು. ನೇಕಾರನ ಕೆಲಸ ನೆರಳಿನ ಕೆಲಸ. ಬೆಳಗಿನಿಂದ ಬೈಗಿನವರೆಗೆ ಸೂರಿನ ಕೆಳಗೆ, ಸೊಂಟದ ತನಕ ನೆಲದೊಳಗೆ. ಅಂಥ ಕಸುಬಿನವರ ಮನೆಯಲ್ಲಿ ಬಯಲು ಕಂಡರೆ ಹಗ್ಗ ಬಿಚ್ಚಿದ ಕರುವಿನಂತೆ ಆಗುವ ಒಬ್ಬ ಹುಟ್ಟಿದ್ದ. ಅವನ ಅಪ್ಪನ ಕಾಲದ ಮಗ್ಗ ಒಳಗೋಡೆಗೆ ಮುಖ ಮಾಡಿತ್ತು. ಮದುವೆಯಾದ ವರ್ಷವೇ ವೆಂಕಟಪ್ಪ ಆ ಗುಣಿ ಮುಚ್ಚಿ, ಬಾಗಿಲಿಗೆ ಎದುರಾಗಿ ಹೊಸ ಗುಣಿ ತೋಡಿದ. ದಾರಿಹೋಕರ ಕಣ್ಣು ಸೀರೆಗೆ ಬೀಳುತ್ತದೆ ಎಂದು ಅವನ ಅವ್ವ ಮೂರು ಹೊತ್ತೂ ಬೈದಳು. ಅವನಿಗೆ ಬೇಕಾಗಿದ್ದದ್ದು ದಾರಿಯಲ್ಲ. ಎದುರು ಮನೆಗಳ ಮಾಡಿನ ಮೇಲೆ ಕಾಣುವ ಗುಡ್ಡದ ನೆತ್ತಿ.

ದುಡಿಮೆಯಲ್ಲಿ ಅವನ ಮೇಲೆ ಬೊಟ್ಟು ಮಾಡುವ ಹಾಗಿರಲಿಲ್ಲ. ಹೊತ್ತು ಹುಟ್ಟುವ ಮೊದಲೇ ಗುಣಿಗೆ ಇಳಿದರೆ ನೆತ್ತಿಗೆ ಬರುವವರೆಗೆ ಏಳುತ್ತಿರಲಿಲ್ಲ. ಮೈಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ಸೀರೆಗೆ ಒಬ್ಬರ ಕೈ ಸಾಲದು. ನಡುವೆ ಕೂತವನು ಮೈ ನೇಯುವಾಗ ಪಕ್ಕದಲ್ಲಿ ಕೂತವರು ಅಂಚಿನ ಲಾಳಿ ಎಸೆದು ಕೊಡಬೇಕು. ಆ ಪಕ್ಕದ ಜಾಗ ತಿಪ್ಪಕ್ಕನದು. ಗುಣಿಯಲ್ಲಿ ಕಾಲು ಇಳಿಬಿಡುವ ಸುಖ ನಡುವಿನವನಿಗೆ ಮಾತ್ರ. ಪಕ್ಕದವಳು ಮಂಡಿ ಮಡಚಿ ನೆಲದ ಮೇಲೇ ಕೂರಬೇಕು. ಮೊಣಕಾಲು ಹೋಗಿದ್ದು ಹಾಗೆ.

ಮದುವೆಯಾದ ಹೊಸದರಲ್ಲಿ ಒಮ್ಮೆ, “ಪದ, ಗುಡ್ಡ ತೋರಿಸ್ತೀನಿ,” ಎಂದು ಅವಳನ್ನೂ ಹತ್ತಿಸಿದ್ದ. ಪದ ಎಂದರೆ ತೆಲುಗಿನ ನಡಿ; ಆ ಮನೆಯಲ್ಲಿ ಮುದ್ದು ತೆಲುಗಿನಲ್ಲಿ, ಜಗಳ ಕನ್ನಡದಲ್ಲಿ. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು, ಬೆವರು ಒರೆಸಿಕೊಂಡು, ತುದಿ ತಲುಪಿ ತಿಪ್ಪಕ್ಕ ಸುತ್ತ ನೋಡಿದಳು. ಕಣ್ಣು ಹಾಯುವ ತನಕ ಬಂಡೆ. ಬಂಡೆಯ ಮೇಲೆ ಬಂಡೆ.

“ನೋಡಿದ್ಯಾ?” ಎಂದ ಅವನು ಹೆಮ್ಮೆಯಿಂದ, ತಾನೇ ಜೋಡಿಸಿಟ್ಟವನ ಹಾಗೆ.

“ನೋಡ್ದೆ. ಬಂಡೆ ಐತೆ. ನಡಿ ಮನೆಗೆ, ಕಂಡಿಕೆಗೆ ನೂಲು ಸುತ್ತೋದೈತೆ.”

ಮತ್ತೆ ಅವಳು ಹತ್ತಲಿಲ್ಲ. ಅವನು ಬಿಡಲಿಲ್ಲ. ರವಿತೇಜನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ, ಬಂಡೆಯ ದೊಣೆಯಲ್ಲಿ ಬೇಸಿಗೆಗೂ ನಿಲ್ಲುವ ನೀರು ತೋರಿಸಿದ. ಕರಡಿಯ ಹೆಜ್ಜೆಗೂ ಮನುಷ್ಯನ ಬರಿಗಾಲಿಗೂ ಎಲ್ಲಿ ವ್ಯತ್ಯಾಸ ಎಂದು ಮಣ್ಣಿನಲ್ಲಿ ಬರೆದು ತೋರಿಸಿದ. ಮುಂಗಾರಿನ ಹೊತ್ತಿಗೆ ಗಂಡು ಓತಿಕ್ಯಾತ ಬೆನ್ನು ಕೆಂಡದಂತೆ ಮಾಡಿಕೊಂಡು, ಹೊಟ್ಟೆ ಇದ್ದಿಲಿನಂತೆ ಕಪ್ಪಾಗಿಸಿಕೊಂಡು, ಬಂಡೆಯ ಮೇಲೆ ಕತ್ತು ಕುಣಿಸುತ್ತದಲ್ಲ, ಅದನ್ನು ನೋಡುತ್ತ ಅಪ್ಪ ಮಗ ಇಬ್ಬರೂ ಊಟ ಮರೆತು ಕೂತಿದ್ದರು. ಮರುದಿನ ವೆಂಕಟಪ್ಪ ರಾಜಣ್ಣನ ಅಂಗಡಿಗೆ ಹೋಗಿ ಅದೇ ಬಣ್ಣದ ರೇಷ್ಮೆ ಕೇಳಿದ.

“ಓತಿಕ್ಯಾತ ಉಟ್ಕೊಂಡು ಯಾರ್ಲೇ ಮದುವೆಗೆ ಹೋಗ್ತಾರೆ?” ಎಂದಿದ್ದ ರಾಜಣ್ಣ.

ಸೀರೆ ಅಂಗಡಿಗೆ ಬಂದ ದಿನವೇ ಮಾರಾಟವಾಯಿತು. ಅಂದಿನಿಂದ ವರ್ಷಕ್ಕೆ ಒಂದೆರಡು ಓತಿಕ್ಯಾತ ನೇಯುವುದು ವಾಡಿಕೆಯಾಯಿತು. ಉಟ್ಟ ಹೆಂಗಸರಿಗೆ ಯಾರೂ ಹೆಸರು ಹೇಳಲಿಲ್ಲ, ಅಷ್ಟೆ.

ಆದರೆ ಗುಡ್ಡದಿಂದ ಬಣ್ಣ ತರುವವನೇ ಗುಡ್ಡದಿಂದ ಗೆರೆಯನ್ನೂ ತರುತ್ತಿದ್ದ. ಸೀತಾಫಲ ಕಾಯುವ ಕಾಲ, ಜೇನಿನ ಕಾಲ, ಸುಮ್ಮನೆ ಗಾಳಿ ಚೆನ್ನಾಗಿರುವ ಕಾಲ, ಎಲ್ಲದಕ್ಕೂ ನಡುಸೀರೆಯಲ್ಲಿ ಎದ್ದು ಹೋಗುವುದು. ಎರಡು ಮೂರು ದಿನ ಬಿಟ್ಟು ಬಂದು, ಕಾಲಿನ ಧೂಳೂ ತೊಳೆಯದೆ ಗುಣಿಗೆ ಇಳಿದು ಬಡಿಯತೊಡಗುವುದು.

“ನಾಲ್ಕೆಳೆ ಬಿಚ್ಚು, ಆಮೇಲೆ ಬಡಿ,” ಎಂದು ತಿಪ್ಪಕ್ಕ ಪ್ರತಿ ಸಲ ಹೇಳುತ್ತಿದ್ದಳು.

“ಅಷ್ಟೊತ್ತು ಯಾವನ್ ಕೂರ್ತಾನೆ,” ಎನ್ನುತ್ತಿದ್ದ ಅವನು.

ಆ ತಿರುಗಾಟದಲ್ಲೇ ಸಣ್ಣತಿಮ್ಮಪ್ಪ ಸಿಕ್ಕಿದ್ದು. ಅವನು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಕುರಿಯವನು. ತನ್ನೂರಿನ ಕಾವಲಿನಲ್ಲಿ ಹುಲ್ಲು ತೆಳ್ಳಗಾದಾಗ ಹಿಂಡು ಹೊಡೆದುಕೊಂಡು ಸಿದ್ದಾಪುರದ ಗುಡ್ಡಗಳತ್ತ ಬರುತ್ತಿದ್ದ. ನೀರು ಹುಡುಕುತ್ತಿದ್ದವನಿಗೆ ವೆಂಕಟಪ್ಪ ದೊಣೆ ತೋರಿಸಿದ. ಮುಂದಿನ ವರ್ಷ ಸಣ್ಣತಿಮ್ಮಪ್ಪ ತನ್ನ ಕುರಿಗಳ ಉಣ್ಣೆಯನ್ನು ಚಳ್ಳಕೆರೆಯಲ್ಲಿ ನೇಯಿಸಿ ಒಂದು ಕರಿ ಕಂಬಳಿ ತಂದು ಹೊದಿಸಿದ. ಆ ಕಂಬಳಿ ಗುಣಿಯ ಅಂಚಿನ ಹಾಸಿಗೆಯಾಯಿತು. ಅದರ ಮೇಲೆ ಕೂತು ವೆಂಕಟಪ್ಪ ರೇಷ್ಮೆ ನೇಯ್ದ. ಕುಂಡಿಗೆ ಚುಚ್ಚಿದರೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದ.

ಸರ್ಕಾರ ಕಾವಲನ್ನು ದೊಡ್ಡ ಸಂಸ್ಥೆಗಳಿಗೆ ಕೊಟ್ಟು, ಸುತ್ತ ಗೋಡೆ ಎದ್ದು, ಕುರಿಯವರು ಕೂಗೆಬ್ಬಿಸಿದ ವರ್ಷ, ವೆಂಕಟಪ್ಪ ನಡುಸೀರೆಯಲ್ಲೇ ದೊಡ್ಡಉಳ್ಳಾರ್ತಿಗೆ ಹೊರಟುಬಿಟ್ಟ. ಮಗನಿಗೆ ಜ್ವರ ಬೇರೆ.

“ನಿಂಗೇನು ಕುರಿ ಐತಾ, ಮೇಕೆ ಐತಾ? ನೇಕಾರಂಗೆ ಕಾವಲಿನಾಗ್ ಏನ್ ಕೆಲ್ಸ?” ಎಂದು ತಿಪ್ಪಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಹುಲ್ಲುಗಾವಲು ಕಣೇ. ನಡೆಯೋ ಜಾಗ. ಎಲ್ಲಾ ಕಡೆ ಗೋಡೆ ಆದ್ರೆ ನನ್ನಂಥೋನು ಎಲ್ಲಿಗೆ ಹೋಗ್ಲಿ?”

“ಮಗ್ಗಕ್ಕೆ ಹೋಗು.”

ಹೋದ. ಗೋಡೆಯೇನೂ ಬೀಳಲಿಲ್ಲ. ಬಿಸಿಲಲ್ಲಿ ಕೂತು, ಘೋಷಣೆ ಕೂಗಿ, ಗಂಟಲು ಕಟ್ಟಿಸಿಕೊಂಡು ವಾಪಸು ಬಂದ. ಮಗನ ಜ್ವರ ಅಷ್ಟರಲ್ಲಿ ಇಳಿದಿತ್ತು, ಹೆಂಡತಿಯದು ಇಳಿದಿರಲಿಲ್ಲ. ಆ ಸೀರೆಯಲ್ಲೂ ಒಂದು ಗೆರೆ ಬಿತ್ತು. ರಾಜಣ್ಣ ಬೆರಳಿಟ್ಟು, “ಇದ್ಯಾವ್ ಗುಡ್ಡ?” ಎಂದು ಕೇಳಿದ. “ಇದು ಬಯಲು ಸಾವ್ಕಾರ್ರೇ,” ಎಂದ ವೆಂಕಟಪ್ಪ.

ಆದರೂ ಅವನ ಹೆಸರು ಊರಲ್ಲಿ ನಿಂತದ್ದು ಇನ್ನೊಂದು ದಿನಕ್ಕೆ. ಎಲ್ಲಿಯವರೋ ಯಂತ್ರದ ಮಗ್ಗದವರು ಇಲ್ಲಿನ ಅಂಚನ್ನೇ ಕದ್ದು, ಅರೆರೇಷ್ಮೆಯಲ್ಲಿ ಹೊಡೆದು, ಮೊಳಕಾಲ್ಮೂರು ಸೀರೆ ಎಂದು ಮಾರತೊಡಗಿದ್ದರು. ನೇಕಾರರು ಸಭೆ ಸೇರಿದರು. ಒಬ್ಬ ಮನವಿ ಎಂದ, ಒಬ್ಬ ಮೆರವಣಿಗೆ ಎಂದ, ಉಪವಾಸ ಕೂರೋಣ ಎಂದವನು ಸಭೆ ಮುಗಿಯುವ ಮೊದಲೇ ಊಟಕ್ಕೆ ಎದ್ದು ಹೋದ. ಕೊನೆಗೆ ವೆಂಕಟಪ್ಪ, “ನಾಳೆ ನಂದು ಹಾಸು ಹಾಸೋದೈತೆ. ಓಣೀಲಿ ಬ್ಯಾಡ, ದೊಡ್ಡ ರಸ್ತೇಲೇ ಹಾಸಾಣ. ನಿಮ್ಮವೂ ತಗೊಂಡ್ ಬರ್ರಿ,” ಎಂದ.

ಸೀರೆಯ ಉದ್ದಕ್ಕೆ ಹೋಗುವ ಎಳೆಗಳೇ ಹಾಸು. ಮಗ್ಗಕ್ಕೆ ಏರಿಸುವ ಮೊದಲು ಬೆಳಗಿನ ತಂಪಿನಲ್ಲಿ ಅದನ್ನು ಓಣಿಯುದ್ದ ಬಿಗಿದು ಕಟ್ಟಿ, ಎಳೆ ಎಳೆ ಬಿಡಿಸಿ, ತುಂಡಾದದ್ದಕ್ಕೆ ಗಂಟು ಹಾಕಿ, ದಿಂಡಿಗೆ ಸುತ್ತುತ್ತಾರೆ. ಒಂದು ಮನೆ ಹಾಸು ಕಟ್ಟಿದರೆ ಇಡೀ ಓಣಿ ಕೈ ಹಾಕುತ್ತದೆ. ಕಟ್ಟಿದ ಹಾಸನ್ನು ಯಾರೂ ದಾಟುವುದಿಲ್ಲ, ಕೆಳಗೆ ನುಸುಳುವುದಿಲ್ಲ. ಎಷ್ಟೇ ಅವಸರವಿದ್ದರೂ ಸುತ್ತಿಕೊಂಡೇ ಹೋಗಬೇಕು. ಅಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಹೇಳಿಕೊಡುವುದು ಬೇಕಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ದೊಡ್ಡ ರಸ್ತೆಯ ತುಂಬ ಹಾಸುಗಳು. ಒಂದರ ಪಕ್ಕ ಒಂದು, ಹಸಿರು, ಕೆಂಪು, ಅರಿಶಿನ, ಈ ಕಂಬದಿಂದ ಆ ಕಂಬದವರೆಗೆ. ಗಂಡಸರು, ಹೆಂಗಸರು ಬಗ್ಗಿ ಎಳೆ ಬಿಡಿಸುತ್ತಿದ್ದರು. ಮೈಕಿಲ್ಲ, ಬಾವುಟವಿಲ್ಲ, ಒಂದು ಘೋಷಣೆಯಿಲ್ಲ. ಚಳ್ಳಕೆರೆಯಿಂದ ಬಂದ ಮೊದಲ ಬಸ್ಸಿನ ಡ್ರೈವರ್ ಹಾರನ್ನಿಗೆ ಕೈ ಹಾಕಿದವನು, ರೇಷ್ಮೆ ಕಂಡು ಕೈ ತೆಗೆದ. ಹಿಂದೆ ಲಾರಿ, ಟ್ರ್ಯಾಕ್ಟರು, ಮತ್ತೊಂದು ಬಸ್ಸು ನಿಂತವು. ಪೊಲೀಸರ ಜೀಪು ಬಂತು.

“ಯಾರ್ರೀ ಲೀಡರು?” ಎಂದ ಇನ್ಸ್‌ಪೆಕ್ಟರು.

“ಲೀಡರ್ ಯಾರೂ ಇಲ್ಲ ಸಾರ್. ಕೆಲ್ಸ ನಡೀತೈತೆ,” ಎಂದ ವೆಂಕಟಪ್ಪ, ತಲೆಯೆತ್ತದೆ.

“ರಸ್ತೆ ತಡೆ ಮಾಡಿ ಕೆಲ್ಸ ಅಂತೀಯಾ?”

“ಇದು ರಸ್ತೆ ತಡೆ ಅಲ್ಲ ಸಾರ್, ಹಾಸು. ದಿನಾ ಓಣೀಲಿ ಹಾಸ್ತಿದ್ವಿ. ಇವತ್ತು ಜಾಗ ಸಾಲ್ಲಿಲ್ಲ.”

“ಎತ್ತು ಅಂದ್ರೆ ಎತ್ತು.”

“ಎತ್ತಿ ಸಾರ್. ಎಲ್ಲಿಂದ ಹಿಡಿದ್ರೆ ಹರಿಯಲ್ಲ ಅಂತ ನಿಮ್ ಪೇದೆಗಳಿಗೆ ಕೇಳ್ರಿ, ಅವರೂ ಇಲ್ಲಿಯೋರೇ.”

ಪೇದೆಗಳು ಹಾಸಿನ ತನಕ ಬಂದು ನಿಂತರು. ಅವರಲ್ಲೊಬ್ಬನ ಅವ್ವನೇ ಅಲ್ಲಿ ಎಳೆ ಬಿಡಿಸುತ್ತಿದ್ದಳು. “ಬೂಟು ಹಿಂದಕ್ಕಿಡೋ,” ಎಂದಳು ಆಕೆ. ಅವನು ಇಟ್ಟ. ಬಸ್ಸಿನಿಂದ ಇಳಿದ ಹೆಂಗಸರು ಹಾಸು ದಾಟದೆ, ಸುತ್ತಿಕೊಂಡು, ಚೀಲ ಹೊತ್ತು ನಡೆದರು. ಹೊತ್ತು ಏರಿತು. ಕೊನೆಗೆ ತಹಸೀಲ್ದಾರರು ಅಷ್ಟು ದೂರದಲ್ಲೇ ಜೀಪು ನಿಲ್ಲಿಸಿ, ನಡೆದು ಬಂದು, ಮನವಿ ಕೇಳಿ ತೆಗೆದುಕೊಂಡರು. ಬೇಡಿಕೆಯಲ್ಲಿ ಅರ್ಧ ಸಿಕ್ಕಿತು. ಹೋರಾಟದಲ್ಲಿ ಅರ್ಧ ಸಿಗುವುದೆಂದರೆ ಏನೆಂದು ಹೋರಾಡಿದವರಿಗೆ ಗೊತ್ತು. ಮತ್ತರ್ಧಕ್ಕೆ ಊರು ಇನ್ನೂ ಬಾಯಿ ಬಡಿದುಕೊಳ್ಳುತ್ತಿದೆ.

ಇಂಥ ಮನುಷ್ಯ ಮನೆಯ ಹಾಸಿಗೆಯಲ್ಲಿ ಸಾಯುವುದು ಸಾಧ್ಯವಿರಲಿಲ್ಲ. ಈ ವರ್ಷದ ಸೀತಾಫಲದ ಕಾಲದಲ್ಲಿ ಒಂದು ಸಲ ಗುಡ್ಡಕ್ಕೆ ಹೋಗಿ ಚೀಲ ತುಂಬ ಹಣ್ಣು ತಂದಿದ್ದ. ಅವು ಅಕ್ಕಿಯ ಡಬ್ಬದಲ್ಲಿ ಇನ್ನೂ ಮಾಗುತ್ತಿರುವಾಗಲೇ ಎರಡನೇ ಸಲ ಟವೆಲ್ ಕೊಡವಿದ.

“ಓತಿಕ್ಯಾತ ಅರ್ಧ ದಾಟೈತೆ. ಮುಗಿಸಿ ಹೋಗು,” ಎಂದಳು ತಿಪ್ಪಕ್ಕ.

“ಬರ್ತೀನಿ, ಎಲ್ ಹೋಗ್ತೈತೆ ಅದು.”

ಸಣ್ಣತಿಮ್ಮಪ್ಪನ ಹಿಂಡು ದೊಣೆಯ ಹತ್ತಿರ ನೀರಿಗೆ ಹೋದಾಗ ವೆಂಕಟಪ್ಪ ಬಂಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಚೀಲ, ಕೈಯ ಹತ್ತಿರ ತಿಂದು ಉಗುಳಿದ ಬೀಜ. ಎದೆ ನಿಂತಿತ್ತು. ಕುರಿಯವರು ತಮ್ಮ ಕಂಬಳಿಯಲ್ಲಿ ಸುತ್ತಿ ಕೆಳಗಿಳಿಸಿದರು. ಬಾಗಿಲಿಗೆ ತಂದು ಮಲಗಿಸಿದಾಗ ತಿಪ್ಪಕ್ಕ ಮುಖ ನೋಡಿ, “ಮುಗಿಸಿ ಹೋಗು ಅಂದಿದ್ದೆ,” ಎಂದಳು. ಓಣಿಯವರು ಅದನ್ನೇ ಅಳು ಎಂದು ತಿಳಿದು ತಾವು ಅತ್ತರು.

ಸಾವ್ಕಾರನ ಜೊತೆ ಮಾತಾದ ಮರುದಿನ ಬೆಳಗ್ಗೆ ತಿಪ್ಪಕ್ಕ ಕಂಬಳಿ ಕೊಡವಿ ಹಾಸಿ, ಮೊದಲ ಬಾರಿಗೆ ಗುಣಿಯೊಳಗೆ ಕಾಲು ಇಳಿಬಿಟ್ಟಳು. ಹೆಂಗಸರು ಅಲ್ಲಿ ಕೂರಬಾರದೆಂಬ ಕಟ್ಟಳೆಯೇನೂ ಇರಲಿಲ್ಲ. ಹೆಂಗಸರು ಕಂಡಿಕೆ ಸುತ್ತುವುದು, ಪಕ್ಕದಲ್ಲಿ ಕೂರುವುದು ನಡೆದುಬಂದಿತ್ತು, ಅಷ್ಟೆ. ಕಾಲು ಒಳಗೆ ಹೋದ ಕೂಡಲೇ ಮೊಣಕಾಲಿನ ನೋವು ಅರ್ಧ ಇಳಿಯಿತು. ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು. ಇಷ್ಟು ಸುಖದ ಜಾಗದಲ್ಲಿ ಕೂತು ಬೇಜಾರು ಅನ್ನುತ್ತಿದ್ದನಲ್ಲ ಭೂಪ.

ಪಕ್ಕಕ್ಕೆ ಯಾರು? ರವಿತೇಜನೇ ಬಂದು ಕೂತ. ಅವನಿಗೆ ಗೂಡ್ಸ್ ಆಟೋ ಇತ್ತು. ಚಳ್ಳಕೆರೆ ಮಾರುಕಟ್ಟೆಗೆ ಬಾಡಿಗೆ ಹೊಡೆಯುತ್ತಿದ್ದ. ಬಾಡಿಗೆಗೆ ಹೊರಡುವ ಮೊದಲು ಒಂದಷ್ಟು ಹೊತ್ತು ಕೂತರೆ ಸೀರೆ ಬೇಗ ಮುಗಿಯುತ್ತದೆ, ಮಣ್ಣು ಬೇಗ ತರಿಸಬಹುದು ಎಂಬುದು ಅವನ ಲೆಕ್ಕ. ಸಣ್ಣವನಿದ್ದಾಗ ಅವ್ವನಿಗೆ ಮೈ ಸರಿಯಿಲ್ಲದ ದಿನ ಎಸೆದ ಲಾಳಿ. ಮೊದಲ ದಿನ ಎರಡು ಸಲ ಬೀಳಿಸಿದ. ಆಮೇಲೆ ಬೀಳಲಿಲ್ಲ.

“ಬಡಿ ಮತ್ತೆ,” ಎಂದ ಅವನು ಲಾಳಿ ಹಿಡಿದು.

“ತಡಿ.” ತಿಪ್ಪಕ್ಕ ಬಡಿಯಲಿಲ್ಲ. ಗಂಡ ನೇಯ್ದು ನಿಲ್ಲಿಸಿದ ಕಡೆ ನಾಲ್ಕಾರು ಎಳೆ ಬಿಚ್ಚಿದಳು. ಹಾಸನ್ನು ಒಮ್ಮೆಲೇ ಬಿಗಿಯದೆ, ಇವತ್ತಿಷ್ಟು, ಸಂಜೆಗಿಷ್ಟು, ನಾಳೆಗಿಷ್ಟು ಎಂದು ಬಿಗಿದಳು. ಒದ್ದೆ ಬಟ್ಟೆಯನ್ನು ಹಿಂಡಿ ಮೇಲಿನಿಂದ ಹಿಡಿದು ಎಳೆಗೆ ತಂಪು ತಾಗಿಸಿದಳು. ರವಿತೇಜ ಅಸಹನೆಯಿಂದ ಕಾಲು ಕುಣಿಸುತ್ತಿದ್ದ.

“ಅಪ್ಪ ಇದೆಲ್ಲ ಮಾಡ್ತಾ ಇರ್ಲಿಲ್ಲ.”

“ಅದಕ್ಕೇ ಬೈಸಿಕೊಳ್ತಿದ್ದ.”

ಬಡಿಯುವುದು ಶುರುವಾದ ಮೇಲೆ ಅವಳು ಕಣ್ಣಿಗಿಂತ ಕಿವಿ ನಂಬಿದಳು. ವೆಂಕಟಪ್ಪನ ಬಡಿತದ ಸದ್ದು ಅವಳಿಗೆ ಗೊತ್ತಿತ್ತು. ಗಟ್ಟಿ ಒಂದು, ಅದರ ಹಿಂದೆ ಮೆತ್ತಗೆ ಒಂದು. ಸದ್ದು ಹೊಂದಲಿಲ್ಲ ಎಂದರೆ ಬಿಚ್ಚುವುದು, ಮತ್ತೆ ಬಡಿಯುವುದು. ಓಣಿಯಲ್ಲಿ ಹಾಲಿನವಳು ಯರ್ರಮ್ಮ ಹೋಗುತ್ತಿದ್ದವಳು ಬಾಗಿಲಲ್ಲಿ ನಿಂತು, “ಒಂದು ಗಳಿಗೆ ಆತನೇ ಬಂದು ಕೂತನಾ ಅಂತ ಎದೆ ಧಸಕ್ ಅಂತು ತಿಪ್ಪಕ್ಕ,” ಎಂದಳು.

“ಬಂದಿದ್ರೆ ನಾನ್ ಯಾಕ್ ಕೂರ್ತಿದ್ದೆ. ಹಾಲು ಹಾಕು,” ಎಂದಳು ತಿಪ್ಪಕ್ಕ. ಆದರೆ ಆ ಮಾತಿನ ನಂತರ ಅವಳು ಬಿಚ್ಚುವುದು ಕಡಿಮೆಯಾಯಿತು.

ಸೆರಗು ಮುಗಿದ ದಿನ ರಾಜಣ್ಣ ಬಂದ. ಸೀರೆ ಕತ್ತರಿಸಿ ಕೊಡುವಾಗ ನೇಕಾರರು ಹಾಸಿನ ಬಾಲವನ್ನು ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲೇ ಬಿಡುತ್ತಾರೆ. ಹೊಸ ಹಾಸು ಬಂದಾಗ ಹಳೆಯ ಬಾಲದ ಒಂದೊಂದು ಎಳೆಗೂ ಹೊಸ ಎಳೆ ಹೊಸೆದು ಸೇರಿಸಿದರೆ ಮಗ್ಗ ಮುಂದುವರಿಯುತ್ತದೆ. ಆ ಬಾಲ ಕಿತ್ತರೆ ಮಗ್ಗ ಸತ್ತ ಹಾಗೆ. ರವಿತೇಜ ಕತ್ತರಿ ಕೈಯಲ್ಲೇ ಇಟ್ಟುಕೊಂಡು, ಬಾಲದ ಹತ್ತಿರ ನಿಂತ.

ರಾಜಣ್ಣ ಚಾಪೆಯ ಮೇಲೆ ಸೀರೆ ಹರಡಿಸಿ, ಕಣ್ಣು ಮುಚ್ಚಿ, ಹೆಬ್ಬೆರಳು ಇಟ್ಟ. ಪದ್ಮಶ್ರೀ ಕೂಡ ಕುಕ್ಕರಿನ ಉರಿ ಸಣ್ಣ ಮಾಡಿ ಬಂದು ನಿಂತಳು. ಬೆರಳು ನಿಧಾನ ಸರಿಯಿತು. ಅರ್ಧದ ಹತ್ತಿರ ಬಂದು ನಿಂತಿತು. ಹಿಂದೆ ಹೋಯಿತು, ಮತ್ತೆ ಮುಂದೆ ಬಂತು, ಅಲ್ಲೇ ನಿಂತಿತು.

“ಸಿಕ್ತು,” ಎಂದ ರಾಜಣ್ಣ ಕಣ್ಣು ಬಿಟ್ಟು. “ಅರ್ಧಕ್ಕೆ ನಿಂತಿದ್ದ ಸೀರೆ, ಅರ್ಧದಾಗೇ ಸಿಕ್ತು. ಇಲ್ಲಿಂದ ಮುಂದೆ ನಿಂದು ತಿಪ್ಪಕ್ಕ. ಚೆನ್ನಾಗ್ ನೇಯ್ದೀಯ, ಇಲ್ಲ ಅನ್ನಲ್ಲ. ಆದ್ರೆ ಕೈ ಕೈಯೇ.”

ರವಿತೇಜ ಕತ್ತರಿ ಎತ್ತಲಿಲ್ಲ. ಅವನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. ತಿಪ್ಪಕ್ಕ ಬಗ್ಗಿ, ರಾಜಣ್ಣ ತೋರಿಸಿದ ಜಾಗದಲ್ಲಿ ತಾನೂ ಬೆರಳಾಡಿಸಿದಳು. ಆಮೇಲೆ ನಕ್ಕಳು. ಗಂಡ ಸತ್ತ ಮೇಲೆ ಮೊದಲ ಸಲ, ಬಾಯಿಗೆ ಸೆರಗು ಕೂಡ ಹಿಡಿಯದೆ.

“ಇದು ನಂದಲ್ಲ ಸಾವ್ಕಾರ್ರೇ. ಇದು ಸೀತಾಫಲ.”

“ಏನಂದೆ?”

“ಮೊದಲ್ನೇ ಸಲ ಹಣ್ಣಿಗೆ ಹೋಗಿ ಬಂದ್ನಲ್ಲ, ಅವತ್ತು ಬಡಿದಿದ್ದು. ನಾಲ್ಕೆಳೆ ಬಿಚ್ಚು ಅಂದೆ, ಕೇಳ್ಲಿಲ್ಲ. ಆಮೇಲೆ ಇನ್ನೂ ಒಂದ್ ಗೇಣು ಆತನೇ ನೇಯ್ದ. ನಂದು ಮುಂದೈತೆ.”

ರಾಜಣ್ಣ ರವಿತೇಜನ ಕಡೆ ನೋಡಿದ. ರವಿತೇಜ ತಲೆಯಾಡಿಸಿದ. “ಹೌದು ಸಾವ್ಕಾರ್ರೇ. ಆ ಹಣ್ಣಿನ ಚೀಲ ನಾನೇ ಆಟೋದಾಗ್ ತಂದಿದ್ದು.”

“ಹಂಗಾದ್ರೆ ನಿಂದೆಲ್ಲಿ?”

“ಹುಡುಕ್ರಿ.”

ರಾಜಣ್ಣ ಹುಡುಕಿದ. ಹೆಬ್ಬೆರಳು, ತೋರುಬೆರಳು, ಎಡಗೈ, ಬಲಗೈ. ಸೀರೆಯನ್ನು ಓಣಿಗೆ ಒಯ್ದು ಬಿಸಿಲಿಗೆ ಹಿಡಿದು, ಕನ್ನಡಕ ತೆಗೆದು, ಹಾಕಿ ನೋಡಿದ. ಓಣಿಯ ನಾಲ್ಕು ಜನ ಸೇರಿದರು; ತಮ್ಮ ತಮ್ಮ ಬೆರಳನ್ನೂ ಆಡಿಸಿ ನೋಡಿದರು. ವೆಂಕಟಪ್ಪ ಬದುಕಿದ್ದಾಗ ಹೋಗಿ ಬಂದ ಗುರುತು ಎಲ್ಲರ ಬೆರಳಿಗೂ ಸಿಕ್ಕಿತು. ಸತ್ತ ಗುರುತು ಯಾರಿಗೂ ಸಿಗಲಿಲ್ಲ.

“ತೋರ್ಸು ಮಾರಾಯ್ತಿ,” ಎಂದ ರಾಜಣ್ಣ ಬೆವರು ಒರೆಸಿಕೊಂಡು.

“ತೋರ್ಸಿದ್ರೆ ಆಮೇಲೆ ನಿಮ್ ಬೆಟ್ಟಿಗೆ ಅದೇ ಸಿಗ್ತೈತೆ. ಬಿಡ್ರಿ. ಹಾಸು ಯಾವಾಗ ಕೊಡ್ತೀರಿ ಹೇಳ್ರಿ.”

ಅವನು ಸೀರೆ ಮಡಿಸಿ ಕಂಕುಳಲ್ಲಿಟ್ಟುಕೊಂಡ. “ನಾಳೇನೇ ಕಳಿಸ್ತೀನಿ. ಯಾವ್ ಬಣ್ಣ?”

ತಿಪ್ಪಕ್ಕ ಇದನ್ನು ಯೋಚಿಸಿರಲಿಲ್ಲ. ಬಣ್ಣ ಹೇಳುವುದು ಯಾವತ್ತೂ ಅವಳ ಪಾಲಿಗೆ ಬಂದಿರಲಿಲ್ಲ. ಬಾಗಿಲ ಆಚೆ, ಮಾಡುಗಳ ಮೇಲೆ ನೋಡಿದಳು.

“ಬಂಡೆ ಬಣ್ಣ.”

“ಬಂಡೆ ಬಣ್ಣದ್ದು ಯಾರ್ ಉಡ್ತಾರೆ?”

“ಓತಿಕ್ಯಾತ ಉಟ್ಟೋರು ಇದನ್ನೂ ಉಡ್ತಾರೆ.”

ಹಾಸು ಬಂತು. ಬೆಳಗಿನ ತಂಪಿನಲ್ಲಿ ಓಣಿಯುದ್ದ ಕಟ್ಟಿದರು. ಬಿಸಿಲು ಬಿದ್ದ ಕಡೆ ಬೂದಿ, ನೆರಳು ಬಿದ್ದ ಕಡೆ ಸ್ವಲ್ಪ ನೀಲಿ. ಗುಣಿ ಮುಚ್ಚಿದ ಮನೆಗಳವರೂ ಕೈ ಹಾಕಲು ಬಂದರು; ಹಾಸಿನ ಸದ್ದು ಕೇಳಿ ಬಹಳ ದಿನವಾಗಿತ್ತು. ಪದ್ಮಶ್ರೀ ದೂರ ನಿಂತು ನೋಡುತ್ತಿದ್ದವಳು, ತುಂಡಾದ ಎಳೆಗೆ ಗಂಟು ಹಾಕುವುದು ಹೇಗೆಂದು ಯರ್ರಮ್ಮನನ್ನು ಕೇಳಿದಳು. ಟೈಲ್ಸ್ ಅಡುಗೆಮನೆಗೆ ಹಾಕಿಸುವುದೆಂದು ಹಿಂದಿನ ದಿನವೇ ತೀರ್ಮಾನವಾಗಿತ್ತು.

ಓಣಿಯ ಬಾಯಲ್ಲಿ ಸಿಲಿಂಡರ್ ಗಾಡಿಯೊಂದು ಬಂದು ನಿಂತು ಹಾರನ್ ಬಾರಿಸಿತು. ಹೊಸ ಡ್ರೈವರು. “ರಸ್ತೆ ಬಂದ್ ಮಾಡೀರಲ್ರೀ, ಯಾವ್ ಹೋರಾಟ ಇದು?”

“ರಸ್ತೆ ತಡೆ ಅಲ್ಲಪ್ಪ, ಹಾಸು,” ಎಂದಳು ತಿಪ್ಪಕ್ಕ ತಲೆಯೆತ್ತದೆ. “ಸುತ್ತಿಕೊಂಡು ಹೋಗು. ಬಿಸಿಲೇರೋದ್ರೊಳಗೆ ಎತ್ತಿಬಿಡ್ತೀವಿ.”

ರವಿತೇಜ ಆಚೆ ತುದಿಯಲ್ಲಿ ಕಂಬ ಬಿಗಿಯುತ್ತಿದ್ದವನು ಬಗ್ಗಿಕೊಂಡೇ ನಕ್ಕ.

ಮಧ್ಯಾಹ್ನ ತಾಯಿ ಮಗ ಎದುರುಬದುರು ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು, ಹಣಿಗೆಯಲ್ಲಿ ಉಳಿದಿದ್ದ ಕೆಂಪು ಬಾಲಕ್ಕೆ ಬಂಡೆ ಬಣ್ಣದ ಎಳೆ ಹೊಸೆಯತೊಡಗಿದರು. ಒಂದು ಎಳೆ ಬಿಟ್ಟರೂ ಸೀರೆಯುದ್ದಕ್ಕೂ ಕಾಣುವ ಕೆಲಸ. ಹೊರಗೆ ಗಾಳಿ ಚೆನ್ನಾಗಿತ್ತು. ರವಿತೇಜನ ಕಣ್ಣು ಎರಡು ಮೂರು ಸಲ ಬಾಗಿಲಾಚೆ ಹೋಗಿ ಬಂತು.

“ಅವ್ವ, ನಾಳಿದ್ದು ಬಾಡಿಗೆ ಇಲ್ಲ. ಸಣ್ಣತಿಮ್ಮಪ್ಪ ಸಿದ್ದಾಪುರಕ್ಕೆ ಹಿಂಡು ತಂದಾನಂತೆ. ಹಂಗೇ ಒಂದ್ ಸಲ ದೊಣೆ ತನಕ ಹೋಗಿ ಬರ್ಲಾ?”

ತಿಪ್ಪಕ್ಕ ಕೈಯಲ್ಲಿದ್ದ ಎಳೆ ಹೊಸೆದು ಮುಗಿಸಿದಳು.

“ಹೋಗು. ಬಂದ ಮೇಲೆ ಮಾತ್ರ ನಾಲ್ಕೆಳೆ ಬಿಚ್ಚಿ ಬಡಿಬೇಕು.”